ಈ ಬ್ಯಾಗಿನಲ್ಲಿ ನಿನ್ನದೇನಿದೆ?

— ಎಲ್ಲಾ ಮಗುವಿನದೇ ಆಯ್ತಲ್ಲ. ಈ ಬ್ಯಾಗಿನಲ್ಲಿ ನಿನ್ನದೇನಿದೆ?

— ಕೆಳಗಡೆ ಎರಡು ನೈಟಿ ಇದೆ ಸಿಸ್ಟರ್. ಒಂದು ಟವೆಲ್ಲೂ ಇಟ್ಟಿದೀನಿ.

— ಬರೋರೆಲ್ಲ ಹೀಗೇ ಬರೋರು. ನಾನು ಹೆರಿಗೆ ವಾರ್ಡಿನಲ್ಲಿ ಇದ್ದಷ್ಟು ಕಾಲವೂ ಇದನ್ನೇ ನೋಡಿದ್ದು. ಬ್ಯಾಗು ಬಿಚ್ಚಿದರೆ ಮೇಲಿಂದ ಕೆಳಗಿನ ತನಕ ಫ್ರಾಕು, ಟೊಪ್ಪಿ, ಪೌಡರು, ಗಿಲಕಿ. ಹೆತ್ತವಳಿಗೆ ಬದಲಾಯಿಸೋಕೆ ಒಂದು ಒಳಉಡುಪು ಇರ್ತಿರಲಿಲ್ಲ. ಮಗುವಿಗೆ ಮೊದಲ ಮೂರು ದಿನ ಬೇಕಾಗೋದು ಮೆತ್ತನೆ ಬಟ್ಟೆ, ಬೆಚ್ಚಗಿನ ಮೈ, ತಾಯಿ ಹಾಲು. ಬಟ್ಟೆಯೊಂದನ್ನ ಬಿಟ್ಟರೆ ಮಿಕ್ಕಿದ್ದೆಲ್ಲ ನಿನ್ನ ಮೈಯಲ್ಲೇ ಇದೆ. ಆ ಮೈಗೇ ಬೇಕಾಗೋದು ಜಾಸ್ತಿ. ರಕ್ತ ಹೋಗ್ತಾ ಇರುತ್ತೆ, ಹೊಲಿಗೆ ಉರಿಯುತ್ತೆ, ಮೂರನೇ ದಿನಕ್ಕೆ ಎದೆ ಬಿಗಿಯುತ್ತೆ, ಎದ್ದು ನಿಂತರೆ ತಲೆ ಸುತ್ತುತ್ತೆ. ಇಷ್ಟೆಲ್ಲ ತಾಳಿಕೊಳ್ಳೋಳಿಗೆ ಎರಡು ನೈಟಿ, ಒಂದು ಟವೆಲ್ಲು! ನನಗೆ ಇದು ಒಪ್ಪಿಗೆ ಇಲ್ಲ. ಎಲ್ಲಾ ತೆಗೆದು ಮಂಚದ ಮೇಲೆ ಹಾಕು, ಹೊಸದಾಗಿ ಶುರು ಮಾಡೋಣ.

— ಸರಿ. ಮೊದಲು ಏನಿಡಲಿ?

— ಕಾಗದ. ತಾಯಿ ಕಾರ್ಡ್ ಎಲ್ಲಿ?

— ಬೀರುವಿನಲ್ಲಿ ಭದ್ರವಾಗಿದೆ. ಫೋನಿನಲ್ಲಿ ಫೋಟೋನೂ ಇದೆ.

— ಬೀರುವಿನಲ್ಲಿದ್ದರೆ ಅರ್ಧರಾತ್ರಿಯಲ್ಲಿ ಬೀಗದ ಕೈ ಹುಡುಕಬೇಕಾಗುತ್ತೆ. ಫೋನು ಆರಿಹೋದರೆ ಫೋಟೋನೂ ಇಲ್ಲ. ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟು, ರಕ್ತದ ರಿಪೋರ್ಟು, ಆಧಾರ್, ರೇಷನ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸು, ಇನ್ಶೂರೆನ್ಸ್ ಇದ್ದರೆ ಅದರ ಕಾರ್ಡು, ಎಲ್ಲಾ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬ್ಯಾಗಿನ ಹೊರಗಿನ ಖಾನೆಯಲ್ಲಿಡು. ನಿನ್ನ ರಕ್ತ ಯಾವ ಗುಂಪು?

— ಓ ನೆಗೆಟಿವ್.

— ಹಾಗಿದ್ದರೆ ಒಂದು ಬಿಳಿ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಅದನ್ನೇ ಬರೆದು ಎಲ್ಲದಕ್ಕಿಂತ ಮೇಲೆ ಇಡು. ಮಗುವಿನ ರಕ್ತ ಪಾಸಿಟಿವ್ ಬಂದರೆ 72 ಗಂಟೆಯೊಳಗೆ ನಿನಗೆ ಆಂಟಿ-ಡಿ ಇಂಜೆಕ್ಷನ್ ಬೀಳಬೇಕು. ಮುಂದಿನ ಬಸಿರಿನ ಮಗುವನ್ನ ಕಾಯೋ ಇಂಜೆಕ್ಷನ್ ಅದು. ಆಸ್ಪತ್ರೆಯಲ್ಲಿ ದಾಸ್ತಾನು ಇದೆಯಾ ಅಂತ ಈ ವಾರವೇ ಕೇಳು. ಓ ನೆಗೆಟಿವ್ ರಕ್ತ ಕೊಡೋ ಇಬ್ಬರ ಫೋನ್ ನಂಬರು ಅದೇ ಹಾಳೆಯಲ್ಲಿ ಬರಿ. ದಿನಾ ನುಂಗೋ ಮಾತ್ರೆ ಏನಾದರೂ ಇದೆಯಾ?

— ಥೈರಾಯ್ಡಿಂದು, ಬೆಳಗ್ಗೆ ಒಂದು.

— ಅದೂ ಆ ಕವರಿನ ಜೊತೆಗೇ. ಹೆರಿಗೆ ಗಲಾಟೆಯಲ್ಲಿ ಆ ಮಾತ್ರೆಯನ್ನ ಎಲ್ಲರೂ ಮರೀತಾರೆ. ಹೆರಿಗೆಯಾದ ಮೇಲೆ ಡೋಸು ಎಷ್ಟು ಅಂತ ಡಾಕ್ಟರನ್ನ ಕೇಳೋದಕ್ಕೂ ಡಬ್ಬಿ ಕೈಯಲ್ಲಿರಬೇಕು.

— ಒಂದು ಕೇಳಲಾ? ಗಾಬರಿಯಲ್ಲಿ ತಾಯಿ ಕಾರ್ಡ್ ಮರೆತೇ ಹೋದರೆ ಸೇರಿಸ್ಕೊಳ್ಳೋದಿಲ್ವಾ?

— ಸೇರಿಸ್ಕೊಳ್ಳಲೇಬೇಕು. ಇದನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಕೋ. 2022ರ ನವೆಂಬರಿನಲ್ಲಿ ನಮ್ಮ ತುಮಕೂರಿನಲ್ಲೇ ಒಬ್ಬ ಬಡ ಹೆಂಗಸು, ತಮಿಳುನಾಡಿನ ಕಡೆಯವಳು, ನೋವು ಕಾಣಿಸಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದಳು. ಹೊಟ್ಟೆಯಲ್ಲಿ ಅವಳಿ. ಆಧಾರ್ ಇಲ್ಲ, ತಾಯಿ ಕಾರ್ಡ್ ಇಲ್ಲ ಅಂತ ವಾಪಸ್ಸು ಕಳಿಸಿದರು. ಮನೆಯಲ್ಲೇ ಹೆತ್ತು ಅವಳೂ ಹೋದಳು, ಎರಡು ಮಕ್ಕಳೂ ಹೋದವು. ಆಮೇಲೆ ಡಾಕ್ಟರು, ನರ್ಸುಗಳನ್ನ ಅಮಾನತು ಮಾಡಿದರು. ದಾಖಲೆ ಇಲ್ಲ ಅಂತ ಯಾರನ್ನೂ ವಾಪಸ್ಸು ಕಳಿಸಬಾರದು ಅಂತ ಸರ್ಕಾರವೂ ಹೇಳಿತು. ಹೋದ ಮೂರು ಜೀವ ಹೋದವು. ನಾನೂ ಅದೇ ಕೆಲಸ ಮಾಡಿದವಳು, ಅದೇ ಬಾಗಿಲಲ್ಲಿ ನಿಂತವಳು. ಆ ಸುದ್ದಿ ಓದಿದ ದಿನ ನನಗೆ ಅನ್ನ ಸೇರಲಿಲ್ಲ. ನೋವು ತಿಂತಾ ಬಾಗಿಲಲ್ಲಿ ನಿಂತಿದಾಳೆ, ಇನ್ಯಾವ ಕಾಗದ ಬೇಕು?

— ಅಂದರೆ ಕಾರ್ಡು ಇಲ್ಲದಿದ್ದರೂ ನಡೆಯುತ್ತೆ ಅಂತಾನಾ?

— ಬಾಗಿಲು ತೆಗೀಬೇಕು ಅಂತ. ಕಾರ್ಡಿನ ಕೆಲಸ ಇರೋದು ಬಾಗಿಲು ದಾಟಿದ ಮೇಲೆ. ನಿನಗೆ ಮಾತಾಡೋಕೆ ಆಗದೇ ಇರೋ ಹೊತ್ತಿನಲ್ಲಿ ನಿನ್ನ ಬಿಪಿ ಎಷ್ಟಿತ್ತು, ಹಿಮೋಗ್ಲೋಬಿನ್ ಎಷ್ಟು, ಸಕ್ಕರೆ ಇತ್ತಾ, ಯಾವ ಔಷಧಿ ಒಗ್ಗಲ್ಲ, ಇದೆಲ್ಲ ನಿನ್ನ ಮುಖ ನೋಡೇ ಇಲ್ಲದ ಡ್ಯೂಟಿ ಡಾಕ್ಟರಿಗೆ ಗೊತ್ತಾಗೋದು ಅದರಿಂದ. ಎಷ್ಟೋ ಸಲ ಒಂದು ಗೆರೆ ಓದಿ ಇಡೀ ಕೋಣೆ ಚುರುಕಾಗಿದ್ದನ್ನ ನೋಡಿದೀನಿ.

— ಬ್ಯಾಗು ಯಾವಾಗ ರೆಡಿ ಇರಬೇಕು? ನನಗೀಗ ಮೂವತ್ತೈದನೇ ವಾರ.

— ಮುಂದಿನ ವಾರದೊಳಗೆ. ಮೂವತ್ತೇಳು ತುಂಬಿತು ಅಂದರೆ ಯಾವತ್ತು ಬೇಕಾದರೂ ಆಗಬಹುದು, ಅದಕ್ಕೂ ಮುಂಚೆ ಆಗೋವೂ ಇವೆ. ನೋವು ಐದೈದು ನಿಮಿಷಕ್ಕೆ ಬಂದು, ಒಂದೊಂದು ನಿಮಿಷ ನಿಂತು, ಗಂಟೆ ಹೊತ್ತು ಹಾಗೇ ನಡೆದರೆ ಹೊರಡು. ಅದು ಸಾಮಾನ್ಯ ಲೆಕ್ಕ. ಆದರೆ ನೀರು ಹೋದರೆ, ರಕ್ತ ಕಂಡರೆ, ಮಗು ಆಡೋದು ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ನೋವು ಬರಲಿ ಅಂತ ಕಾಯಬೇಡ. ಬ್ಯಾಗಿಗೂ ಕಾಯಬೇಡ. 108ಕ್ಕೆ ಫೋನ್ ಮಾಡು, ಉಟ್ಟ ಬಟ್ಟೆಯಲ್ಲೇ ಹತ್ತು. ಆಂಬುಲೆನ್ಸು ಬಾಗಿಲಲ್ಲಿ ನಿಂತಿದ್ದಾಗ ಮನೆಯೊಳಗೆ ಚಾರ್ಜರು ಹುಡುಕ್ತಾ ಇದ್ದ ಮನೆಗಳು ನನಗೆ ಗೊತ್ತು. ಬ್ಯಾಗನ್ನ ಯಾರಾದರೂ ಹಿಂದಿನಿಂದ ತರ್ತಾರೆ.

— ಅಮ್ಮ ನೆರಳು ಕಂಡರೂ ಗಾಬರಿ ಬೀಳೋರು. ಅವರ ಕೈಯಲ್ಲಿ ಬ್ಯಾಗು ಬಿಟ್ಟು ಹೋದರೆ ಏನು ತರ್ತಾರೋ.

— ಅದಕ್ಕೇ ಒಂದೇ ದೊಡ್ಡ ಬ್ಯಾಗು ಬೇಡ. ಆ ಚಿಕ್ಕ ಬಟ್ಟೆ ಚೀಲ ಇದೆಯಲ್ಲ, ಕೊಡು ಇಲ್ಲಿ. ಇದು ಹೆರಿಗೆ ಕೋಣೆಯ ಬಾಗಿಲಲ್ಲಿ ಕೊಡೋ ಚೀಲ. ಹೇಗಿರುತ್ತೆ ಹೇಳ್ತೀನಿ ಕೇಳು. ಒಳಗೆ ಮಗು ಹುಟ್ಟಿರುತ್ತೆ. ನರ್ಸು ಬಾಗಿಲು ಒಂದು ಗೇಣು ತೆಗೆದು 'ಮಗೂ ಬಟ್ಟೆ ಕೊಡಿ' ಅಂತಾಳೆ. ಆಚೆ ನಿಂತ ಅಮ್ಮನೋ ಅತ್ತೆಯೋ ಇಡೀ ಬ್ಯಾಗನ್ನ ಕಾರಿಡಾರಿನ ನೆಲದ ಮೇಲೆ ಸುರೀತಾರೆ. ಕೈ ನಡುಗ್ತಾ ಇರುತ್ತೆ. ಅಳು, ಖುಷಿ, ಗಂಡೋ ಹೆಣ್ಣೋ ಅನ್ನೋ ಪ್ರಶ್ನೆ, ಎಲ್ಲಾ ಒಟ್ಟಿಗೆ. ಕೊನೆಗೆ ಕೈಗೆ ಸಿಗೋದು ಗೆಜ್ಜೆ ಹಾಕಿರೋ ಸ್ಯಾಟಿನ್ ಫ್ರಾಕು. ಆ ಹೊತ್ತಿಗೆ ಒಳಗೆ ಮಗು ಒದ್ದೆ ಮೈಯಲ್ಲಿದೆ. ನಿನ್ನ ಹೊಟ್ಟೆಯೊಳಗೆ 37 ಡಿಗ್ರಿ ಬೆಚ್ಚಗೆ ಇದ್ದ ಮಗು ಅದು. ಮೈಮೇಲಿನ ನೀರು ಆರ್ತಾ ಆರ್ತಾ ಅದರ ಮೈಯ ಬಿಸಿಯನ್ನ ಎಳೆದುಕೊಂಡು ಹೋಗುತ್ತೆ. ಮೈಗೆ ಹೋಲಿಸಿದರೆ ತಲೆಯೇ ದೊಡ್ಡದು, ಅಲ್ಲಿಂದಲೇ ಬಿಸಿ ಬಹಳ ಹೋಗೋದು. ತಣ್ಣಗಾದ ಮಗು ಹಾಲು ಚೀಪೋಲ್ಲ, ಸಕ್ಕರೆ ಅಂಶ ಇಳಿಯುತ್ತೆ, ಉಸಿರಿಗೂ ಕಷ್ಟ.

— ಹಾಗಾದರೆ ಚೀಲದಲ್ಲಿ ಏನೇನು?

— ನಾಲ್ಕು ಹತ್ತಿ ಬಟ್ಟೆ, ಒಂದು ಕುಲಾವಿ, ಕಾಲುಚೀಲ ಒಂದು ಜೊತೆ, ಲಂಗೋಟಿ ಎರಡು. ಬಟ್ಟೆ ಒಂದೊಂದೂ ಒಂದು ಗಜ ಉದ್ದ, ಒಂದು ಗಜ ಅಗಲ ಇರಲಿ. ನೋಡು, ಹೀಗೆ ಮಡಿಸು. ಮೇಲಿನದು ಒರೆಸೋಕೆ. ಹುಟ್ಟಿದ ಕೂಡಲೇ ಅದರಲ್ಲಿ ಮಗುವನ್ನ ಬೆನ್ನು, ತಲೆ, ಕಂಕುಳು ಬಿಡದೆ ಒರೆಸಿ ಆ ಒದ್ದೆ ಬಟ್ಟೆಯನ್ನ ಪಕ್ಕಕ್ಕೆ ಎಸೀತಾರೆ. ಎಸೀಲೇಬೇಕು, ಅದರಲ್ಲೇ ಸುತ್ತಿಟ್ಟರೆ ಒರೆಸಿದ್ದು ದಂಡ. ಆಮೇಲೆ ಬರಿಮೈ ಮಗುವನ್ನ ನಿನ್ನ ಎದೆ ಮೇಲೆ ಮಲಗಿಸಿ ಎರಡನೇ ಬಟ್ಟೆ ಮೇಲೆ ಹೊದಿಸ್ತಾರೆ, ತಲೆಗೆ ಕುಲಾವಿ. ಮಿಕ್ಕಿದ್ದೆರಡು ಮಗು ಒದ್ದೆ ಮಾಡಿದಾಗ. ಮೊದಲ ಮಲ ಕರ್ರಗೆ ಅಂಟಂಟಾಗಿರುತ್ತೆ, ಒಗೆದರೂ ಕಲೆ ಹೋಗಲ್ಲ. ಅದಕ್ಕೆ ಎಸೆಯೋಕೆ ಮನಸ್ಸು ಬರೋಂಥ ಬಟ್ಟೆಯೇ ಇರಲಿ. ಈ ಚೀಲವನ್ನ ಬಾಗಿಲು ತೆಗೆದಾಗ ಕೊಡಬೇಕು, ಒಳಗೆ ಕೈ ಹಾಕೋದೇ ಬೇಡ ಅಂತ ಅಮ್ಮನಿಗೆ ಹೇಳಿಡು. ಗಾಬರಿ ಬೀಳೋರಿಗೂ ಅಷ್ಟು ಸಾಧ್ಯ.

— ಹತ್ತಿ ಬಟ್ಟೆ ಹೊಸದು ತರಿಸಿದೀನಲ್ಲ, ಪ್ಯಾಕೆಟ್ಟು ಅಲ್ಲೇ ಇದೆ. ಆದರೆ ಅಮ್ಮ ಅದನ್ನ ನೋಡಿದಾಗಿನಿಂದ ಮಾತೇ ಆಡ್ತಿಲ್ಲ. ಹುಟ್ಟೋಕೆ ಮುಂಚೆ ಮಗುವಿಗೆ ಹೊಸ ಬಟ್ಟೆ ತರಬಾರದಂತೆ. ಬೆಂಗಳೂರಿನಲ್ಲಿ ನನ್ನ ಫ್ರೆಂಡ್ಸ್ ಎಲ್ಲಾ ಕೊಂಡೇ ಇಟ್ಟಿರ್ತಾರೆ.

— ನಿಮ್ಮಮ್ಮನ್ನ ನೋಯಿಸಬೇಡ. ಆ ಮಾತಿನ ಹಿಂದೆ ಏನಿದೆ ಅಂತ ನನಗೆ ಗೊತ್ತು. ಆಸೆಯಿಂದ ಹೊಲಿಸಿಟ್ಟ ಅಂಗಿ ಮಗು ಉಳೀದೆ ಪೆಟ್ಟಿಗೆಯಲ್ಲೇ ಉಳಿದ ಮನೆಗಳು ಒಂದೆರಡಲ್ಲ. ಆ ಪೆಟ್ಟಿಗೆ ತೆಗೆಯೋ ನೋವು ಮತ್ತೊಬ್ಬಳಿಗೆ ಬೇಡ ಅಂತ ಹಿಂದಿನೋರು ಮಾಡಿಕೊಂಡ ಕಟ್ಟಳೆ ಇದು ಅಂತ ನನ್ನ ಲೆಕ್ಕ. ಅದಲ್ಲದೆ ಈ ವಿಷಯದಲ್ಲಿ ಮೈಯ ಲೆಕ್ಕವೂ ಅಮ್ಮನ ಕಡೆಗೇ ಇದೆ. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತೆ, ಬಣ್ಣ ಇರುತ್ತೆ, ಹೊಲಿಗೆ ಚುಚ್ಚುತ್ತೆ. ಅಮ್ಮನ ಹಳೇ ಹತ್ತಿ ಸೀರೆ ಎಷ್ಟು ಸಲ ಒಗೆಸಿಕೊಂಡು ಎಷ್ಟು ಮೆತ್ತಗಾಗಿರುತ್ತೆ, ನೀರು ಎಷ್ಟು ಬೇಗ ಹೀರುತ್ತೆ! ಅದನ್ನೇ ಕೇಳಿ ಇಸ್ಕೋ. ಬಿಸಿನೀರಿನಲ್ಲಿ ಒಗೆದು, ಒಳ್ಳೆ ಬಿಸಿಲಿನಲ್ಲಿ ಒಣಗಿಸಿ, ಶುದ್ಧವಾದ ಕವರಿನಲ್ಲಿ ಮುಚ್ಚಿಡು. ಬೇಡ ಅನ್ನಬೇಕಾದದ್ದು ಒಂದೇ, ಅಟ್ಟದಿಂದ ಇಳಿಸಿದ ದೂಳು ಬಟ್ಟೆಯನ್ನ ಹಾಗೇ ಸುತ್ತೋದು. ನೀನು ತರಿಸಿದ್ದನ್ನ ನಾಮಕರಣಕ್ಕೆ ಇಡು, ಯಾರಿಗೂ ಬೇಜಾರಿಲ್ಲ.

— ಅಜ್ಜಿ ಕಾಲದಲ್ಲಿ ಬ್ಯಾಗೇ ಇರ್ತಿರಲಿಲ್ಲ ಅಲ್ವಾ ಸಿಸ್ಟರ್?

— ಎಲ್ಲಿಗೆ ತಗೊಂಡು ಹೋಗೋಕೆ? ಹೆರಿಗೆಯೇ ಮನೆಗೆ ಬರ್ತಿತ್ತು. ನಮ್ಮ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮ, ಕೃಷ್ಣಾಪುರದೋರು, ಅಜ್ಜಿಯಿಂದ ಕಲಿತು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದೋರು, ದುಡ್ಡು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥೋರು ಬಂದಾಗ ಬಿಸಿನೀರು, ಹಳೇ ಸೀರೆ, ಕತ್ತಲೆ ಕೋಣೆ, ಅಕ್ಕಪಕ್ಕದ ಹೆಂಗಸರು ಎಲ್ಲಾ ಅಲ್ಲೇ ಇರ್ತಿತ್ತು. ಹೆತ್ತವಳು ತನ್ನ ಮನೆಯಲ್ಲೇ ಇರ್ತಿದ್ದಳು. ಆದರೆ ರಕ್ತ ನಿಲ್ಲದೆ ಹೋದರೆ ಕೈ ಚೆಲ್ಲಬೇಕಾಗ್ತಿತ್ತು, ಅದಕ್ಕೇ ನಾವೆಲ್ಲ ಆಸ್ಪತ್ರೆಗೆ ಬನ್ನಿ ಬನ್ನಿ ಅಂತ ಮನೆಮನೆ ತಿರುಗಿದ್ದು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ನೂರು ಹೆರಿಗೆಯಲ್ಲಿ ಆಸ್ಪತ್ರೆಯಲ್ಲಿ ಆಗಿದ್ದು 65ರ ಹತ್ತಿರ. 2019–21ರ ಹೊತ್ತಿಗೆ 97. ಹೆಣ್ಣುಮಕ್ಕಳು ಬಂದರು. ಬಂದವಳ ಹಿಂದೆ ಅವಳ ಮನೆಯಿಂದ ಏನು ಬರಬೇಕಾಗಿತ್ತೋ ಅದು ಸರಿಯಾಗಿ ಬರಲಿಲ್ಲ. ನಾನು ನಿನ್ನ ಬ್ಯಾಗಿನ ಮೇಲೆ ಇಷ್ಟು ಹೊತ್ತು ಕೂತಿರೋದು ಅದಕ್ಕೆ.

— ಈಗ ನನ್ನದು ಹೇಳಿ. ಬರ್ಕೋತೀನಿ.

— ಮೊದಲು ಪ್ಯಾಡು. ಮಾಮೂಲಿ ತಿಂಗಳಿಂದಲ್ಲ, ಹೆರಿಗೆಯಾದ ಮೇಲಿನ ದೊಡ್ಡದು, ಎರಡು ಪ್ಯಾಕೆಟ್. ನಾಲ್ಕರಿಂದ ಆರು ವಾರ ಸ್ರಾವ ಇದ್ದೇ ಇರುತ್ತೆ, ಮೊದಲ ದಿನಗಳಲ್ಲಿ ಹೆಚ್ಚು.

— ನಾನು ಕಪ್ ಉಪಯೋಗಿಸ್ತೀನಲ್ಲ?

— ಈಗ ಬೇಡವೇ ಬೇಡ. ಆರು ವಾರ ಒಳಗೆ ಏನನ್ನೂ ಇಡೋ ಹಾಗಿಲ್ಲ, ನಂಜಾಗುತ್ತೆ. ಪ್ಯಾಡೇ ಇರಲಿ, ಇನ್ನೊಂದು ಕಾರಣಕ್ಕೂ. ಎಷ್ಟು ರಕ್ತ ಹೋಗ್ತಿದೆ ಅಂತ ಕಣ್ಣಿಗೆ ಕಾಣಬೇಕು. ಗಂಟೆಯೊಳಗೆ ಒಂದು ಪ್ಯಾಡು ಪೂರ್ತಿ ನೆನೆದುಹೋದರೆ, ದೊಡ್ಡ ಗಡ್ಡೆ ಬಿದ್ದರೆ, ನಾಚಿಕೆ ಬಿಟ್ಟು ಕೂಗಿ ನರ್ಸನ್ನ ಕರೀಬೇಕು. ನಮ್ಮ ದೇಶದಲ್ಲಿ ತಾಯಂದಿರ ಪ್ರಾಣ ತೆಗೆಯೋದರಲ್ಲಿ ರಕ್ತಸ್ರಾವದ್ದೇ ಮೊದಲ ಜಾಗ. ಸುಮ್ಮನೆ ಮಲಗಿದ್ದಳು, ಹೊದಿಕೆ ಎತ್ತಿ ನೋಡಿದರೆ ಹಾಸಿಗೆಯೆಲ್ಲ ರಕ್ತ. ಇದನ್ನ ನಾನು ಕಂಡಿದೀನಿ. 'ಸಿಸ್ಟರಿಗೆ ಯಾಕೆ ತೊಂದರೆ ಅಂತ ಸುಮ್ಮನಿದ್ದೆ' ಅಂದಳು ಆ ಹುಡುಗಿ. ಪುಣ್ಯಕ್ಕೆ ಉಳಿದಳು. ನಿನ್ನ ಜೊತೆ ಕೂರೋರಿಗೂ ಈ ಲೆಕ್ಕ ಹೇಳಿಡು.

— ಹೂಂ. ಆಮೇಲೆ?

— ಒಳಉಡುಪು ಎಂಟು, ಹತ್ತಿಯದು, ನಿನ್ನ ಅಳತೆಗಿಂತ ಒಂದು ಸೈಜು ದೊಡ್ಡದು, ಹೊಕ್ಕುಳ ಮೇಲೆ ಬರೋಂಥದ್ದು. ಸಿಸೇರಿಯನ್ ಆದರೆ ಎಲಾಸ್ಟಿಕ್ಕು ಹೊಲಿಗೆ ಮೇಲೆ ಕೂರಬಾರದು. ನಾರ್ಮಲ್ಲೇ ಆಗುತ್ತೆ ಅಂತ ಅಂದುಕೊಂಡೇ ಹೋಗು, ಆದರೆ ಬ್ಯಾಗು ಎರಡಕ್ಕೂ ಸಿದ್ಧ ಇರಲಿ. ನಮ್ಮ ರಾಜ್ಯದಲ್ಲಿ ಈಗ ನೂರು ಹೆರಿಗೆಯಲ್ಲಿ 30ಕ್ಕೂ ಹೆಚ್ಚು ಸಿಸೇರಿಯನ್. ನೈಟಿ ನಾಲ್ಕು, ಎಲ್ಲಾ ಮುಂದೆ ಬಟನ್ನಿಂದು. ಇದು ನೋಡು, ತಲೆ ಮೇಲಿಂದ ಹಾಕ್ಕೊಳ್ಳೋದು, ಅರ್ಧರಾತ್ರಿ ಹಾಲು ಕುಡಿಸೋಕೆ ಇಡೀ ನೈಟಿ ಎತ್ತಬೇಕಾಗುತ್ತೆ. ವಾಪಸ್ಸು ಇಡು. ಗಾಢ ಬಣ್ಣ ಇದ್ದರೆ ಕಲೆ ಬಿದ್ದರೂ ನೀನು ಕುಗ್ಗೋದಿಲ್ಲ. ಹಾಲೂಡಿಸೋ ಬ್ರಾ ಮೂರು, ತಂತಿ ಇರದೇ ಇರೋದು. ಜಾರದ ಚಪ್ಪಲಿ. ಬೆಡ್‌ಶೀಟು ಎರಡು, ಒಂದು ರಬ್ಬರ್ ಶೀಟು, ದಪ್ಪ ಹೊದಿಕೆ. ಹೆತ್ತ ಕೂಡಲೇ ಮೈ ಗಡಗಡ ನಡುಗುತ್ತೆ, ತುಂಬ ಜನಕ್ಕೆ ಹಾಗಾಗುತ್ತೆ, ಜ್ವರ ಅಂತ ಹೆದರಬೇಡ. ಸ್ಟ್ರಾ ಇರೋ ನೀರಿನ ಬಾಟಲು, ಮಲಗಿದಲ್ಲೇ ಕುಡಿಯೋಕೆ. ಬಾಚಣಿಗೆ, ಕೊಬ್ಬರಿ ಎಣ್ಣೆ, ಬ್ರಶ್ಶು, ಪೇಸ್ಟು, ಸೋಪು. ಇವೆಲ್ಲ ಚಿಕ್ಕದು ಅಂತ ಬಿಡ್ತಾರೆ. ಎರಡನೇ ದಿನ ಮುಖ ತೊಳೆದು, ತಲೆ ಬಾಚಿ ಜಡೆ ಹಾಕ್ಕೊಂಡು ಕೂತ ಬಾಣಂತಿಯ ಮುಖದಲ್ಲಿ ಜೀವ ಬರೋದನ್ನ ನೀನು ನೋಡಬೇಕು.

— ಸರ್ಕಾರಿ ಆಸ್ಪತ್ರೆಯಲ್ಲಿ ಕೊಡ್ತಿದ್ದ ಮಡಿಲು ಕಿಟ್ಟಿನಲ್ಲಿ ಇದೆಲ್ಲ ಇತ್ತಾ? ಅತ್ತಿಗೆಗೆ ಸಿಕ್ಕಿತ್ತು.

— ಇತ್ತು. 2007ರಲ್ಲಿ ಶುರುವಾಗಿದ್ದು ಅದು, ಬಡವರ ಮನೆ ಬಾಣಂತಿಯರಿಗೆ, 19 ಬಗೆ ಸಾಮಾನು. ಸೊಳ್ಳೆ ಪರದೆ, ಜಮಖಾನ, ಹೊದಿಕೆ, ರಬ್ಬರ್ ಶೀಟು, ಮಗುವಿಗೆ ಸ್ವೆಟರು, ಟೊಪ್ಪಿ. ಜೊತೆಗೆ ತಾಯಿಗೆ ಪ್ಯಾಡು, ಹೊಟ್ಟೆ ಕಟ್ಟೋ ಬಟ್ಟೆ, ಬಾಚಣಿಗೆ, ಎಣ್ಣೆ. ಅದರ ಗುಣಮಟ್ಟದ ಬಗ್ಗೆ ದೂರು ಇದ್ದವು, ನನಗೆ ಗೊತ್ತು. ಆದರೂ ಆ ಪಟ್ಟಿ ಮಾಡಿದವರು ಯಾರೋ ಬಾಣಂತಿಯ ಪಕ್ಕ ಕೂತು ಬರೆದಿದಾರೆ ಅಂತ ನನಗೆ ಅನ್ನಿಸ್ತಿತ್ತು. ಕಿಟ್ಟು ಬಿಚ್ಚಿ ಬಾಚಣಿಗೆ ಕಂಡಾಗ 'ಇದು ನನಗಾ?' ಅಂತ ಕೇಳಿದೋರು ಎಷ್ಟು ಜನ!

— ಈ ಬಳೆ? ಸೀಮಂತದಲ್ಲಿ ತೊಡಿಸಿದ್ದು, ತೆಗೀಬಾರದು ಅಂತಾರೆ.

— ಕೈಗೆ ಡ್ರಿಪ್ ಹಾಕೋ ಹೊತ್ತಿಗೆ, ಆಪರೇಷನ್ನಿಗೆ ಹೋಗೋ ಹೊತ್ತಿಗೆ ತೆಗೆಸೇ ತೆಗೆಸ್ತಾರೆ. ಆಗ ಒಡೆದು ತೆಗೆಯೋ ಬದಲು ಮನೆಯಲ್ಲೇ ಸೋಪು ಹಚ್ಚಿ ನಿಧಾನವಾಗಿ ತೆಗೆದು ದೇವರ ಮುಂದೆ ಇಟ್ಟು ಹೋಗು. ಚಿನ್ನವೂ ಮನೆಯಲ್ಲೇ. ಉಗುರಿನ ಬಣ್ಣ ಇವತ್ತೇ ಒರೆಸು, ಅದಿದ್ದರೆ ಬೆರಳಿಗೆ ಹಾಕೋ ಆಕ್ಸಿಜನ್ ಕ್ಲಿಪ್ಪು ಸರಿಯಾಗಿ ಓದೋದಿಲ್ಲ.

— ಮಗುವಿನ ಸಾಮಾನಿನಲ್ಲಿ ಯಾವುದು ವಾಪಸ್ಸು?

— ಪೌಡರು ವಾಪಸ್ಸು, ಉಸಿರಿನೊಳಗೆ ಹೋಗುತ್ತೆ. ಕಾಡಿಗೆ ವಾಪಸ್ಸು. ಸೋಪು, ಶಾಂಪೂ ಆಸ್ಪತ್ರೆಯಲ್ಲಿ ಬೇಡ, ಮೊದಲ 24 ಗಂಟೆ ಸ್ನಾನವೇ ಮಾಡಿಸಬಾರದು. ಮೈಮೇಲಿನ ಆ ಬಿಳಿ ಲೋಳೆ ಇದೆಯಲ್ಲ, ಅದು ಮಗುವಿನ ಚರ್ಮವನ್ನ ಕಾಯೋದು. ಹೊಕ್ಕುಳಿಗೆ ಹಚ್ಚೋಕೆ ಅಂತ ಯಾರೋ ಕೊಟ್ಟಿರೋ ಈ ಡಬ್ಬಿ ತೆಗಿ. ಒಣಗಿದ್ದರೆ ಸಾಕು, ಅದು ತಾನಾಗೇ ಬೀಳುತ್ತೆ. ಈ ಜೇನಿನ ಬಾಟಲು?

— ಅಜ್ಜಿ ಇಟ್ಟಿದ್ದು. ಹುಟ್ಟಿದ ಕೂಡಲೇ ನಾಲಿಗೆಗೆ ಸವರಬೇಕಂತೆ.

— ಒಂದು ವರ್ಷ ತುಂಬೋ ತನಕ ಮಗುವಿಗೆ ಜೇನು ಬೇಡ. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು ಎಳೆ ಕರುಳಿನಲ್ಲಿ ಬೆಳೆದು ಮೈಯ ಶಕ್ತಿಯನ್ನೇ ಇಳಿಸುತ್ತೆ. ಅಜ್ಜಿಗೆ ನಾನೇ ಹೇಳ್ತೀನಿ. ಸಕ್ಕರೆ ನೀರು, ಗ್ರೈಪ್ ವಾಟರ್ ಯಾವುದೂ ಬೇಡ. ಕೊನೆಗೆ ಈ ಫೀಡಿಂಗ್ ಬಾಟಲು, ಈ ಹಾಲಿನ ಪುಡಿ ಡಬ್ಬಿ.

— ಅದು ಎಮರ್ಜೆನ್ಸಿಗೆ ಸಿಸ್ಟರ್. ಹಾಲು ಬರದೇ ಹೋದರೆ?

— ಬ್ಯಾಗಿನಲ್ಲಿದ್ದರೆ ಕೈ ಅಲ್ಲಿಗೇ ಹೋಗುತ್ತೆ. ಮೊದಲ ರಾತ್ರಿ ಮಗು ಅಳುತ್ತೆ, ನಿನಗೆ ನಿದ್ದೆ ಕೆಟ್ಟಿರುತ್ತೆ, ಪಕ್ಕದ ಮಂಚದೋರು 'ಪಾಪ, ಹಾಲು ಸಾಲ್ತಿಲ್ಲ' ಅಂತಾರೆ. ಡಬ್ಬಿ ಬಿಚ್ಚಿದರು ಅಂದರೆ ಮಗು ಎದೆ ಚೀಪೋದು ಕಡಿಮೆ, ಚೀಪೋದು ಕಡಿಮೆಯಾದರೆ ಹಾಲು ಬರೋದೂ ಕಡಿಮೆ. ಮೊದಲ ದಿನ ಆ ಹೊಟ್ಟೆಗೆ ಒಂದು ಸಲಕ್ಕೆ ಒಂದು ಚಮಚದಷ್ಟು ಸಾಕು, ನಿನ್ನ ಎದೆಯಲ್ಲಿ ಬರೋ ಹಳದಿ ಹಾಲೂ ಅಷ್ಟೇ ಇರೋದು. ಲೆಕ್ಕ ಸರಿಯಾಗೇ ಇದೆ. ರೋಗ ತಡೆಯೋ ಶಕ್ತಿಯೆಲ್ಲ ಅದರಲ್ಲೇ ಇದೆ, ಒಂದು ಹನೀನೂ ಹಿಂಡಿ ಚೆಲ್ಲೋದು ಬೇಡ. ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿಸ್ಕೋ. ಹಾಲಿನ ಪುಡಿಯನ್ನೂ ಬಾಟಲನ್ನೂ ಜಾಹೀರಾತು ಮಾಡೋ ಹಾಗಿಲ್ಲ ಅಂತ 1992ರಲ್ಲೇ ಕಾಯ್ದೆ ಮಾಡಿದಾರೆ, ಸುಮ್ಮನೆ ಮಾಡಲಿಲ್ಲ. ನಿಜವಾಗಿ ಬೇಕಾದರೆ ಡಾಕ್ಟರು ಬರೆದುಕೊಡ್ತಾರೆ, ಆಗ ತಂದರಾಯ್ತು.

— ಒಂದು ಮಾತು. ಇದನ್ನ ಅಮ್ಮನ ಮುಂದೆ ಕೇಳೋಕೆ ಆಗೋಲ್ಲ. ಮಗುವನ್ನ ಐಸಿಯುನಲ್ಲಿ ಇಟ್ಟರೆ? ಪಕ್ಕದಲ್ಲಿ ಮಗುವೇ ಇರಲಿಲ್ಲ ಅಂದರೆ ಈ ಬ್ಯಾಗಿನಲ್ಲಿ ಏನಿರಬೇಕು?

— ಕೇಳಿದ್ದು ಒಳ್ಳೆಯದಾಯ್ತು. ಕೇಳಿದರೆ ಆಗಿಬಿಡುತ್ತೆ ಅನ್ನೋದು ಬೇಡ. ತೂಕ ಕಡಿಮೆ ಇದ್ದರೆ, ಉಸಿರಾಟ ಸ್ವಲ್ಪ ಏರುಪೇರಾದರೆ, ಕಾಮಾಲೆ ಜಾಸ್ತಿಯಾದರೆ ನವಜಾತ ಶಿಶು ಘಟಕದಲ್ಲಿ ಇಡ್ತಾರೆ. ಬಹಳಷ್ಟು ಮಕ್ಕಳು ಕೆಲವು ದಿನದಲ್ಲಿ ಆಚೆ ಬರ್ತಾವೆ. ಆಗ ನೀನು ಬರಿಗೈಯಲ್ಲಿ ಕೂತು ಅಳೋದೊಂದೇ ಕೆಲಸ ಅಂದುಕೋಬೇಡ, ನಿನ್ನ ಹಾಲು ಅಲ್ಲಿಗೆ ಹೋಗಬೇಕು. ಎರಡು ಮೂರು ಗಂಟೆಗೊಂದು ಸಲ ಕೈಯಲ್ಲೇ ಹಿಂಡಿ ತೆಗೆದು ಕಳಿಸಬೇಕು. ಅದಕ್ಕೆ ಅಗಲ ಬಾಯಿಯ ಎರಡು ಸ್ಟೀಲು ಬಟ್ಟಲು, ಮುಚ್ಚಳ ಇರೋದು. ಮತ್ತೆ, ನಿಮ್ಮ ಮನೆಯಲ್ಲಿ ಒಳಲೆ ಇದೆಯಾ?

— ಅಜ್ಜಿ ಹತ್ತಿರ ಒಂದು ಬೆಳ್ಳಿಯದಿದೆ. ಶೋಕೇಸಿನಲ್ಲಿ ಇಟ್ಟಿದೀವಿ.

— ಅದನ್ನ ಇಳಿಸು. ನೋಡೋಕೆ ಅಂಗೈಯಷ್ಟು, ಒಂದು ಕಡೆ ಕೊಕ್ಕು. ಚೀಪೋ ಶಕ್ತಿ ಇರದ ಮಗುವಿಗೆ ಹಿಂಡಿದ ಹಾಲನ್ನ ಕೆನ್ನೆಯ ಒಳಗೆ ಹನಿಹನಿಯಾಗಿ ಬಿಡೋಕೆ ಇವತ್ತಿಗೂ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಅದನ್ನೇ ಬಳಸ್ತಾರೆ. ಬಾಟಲಿನ ಮೂಲೆಗಳಲ್ಲಿ ಹಾಲು ಕೂತು ಕೊಳೆಯುತ್ತೆ, ಒಳಲೆಯಲ್ಲಿ ಮೂಲೆಯೇ ಇಲ್ಲ. ಉಜ್ಜಿ ತೊಳೆದು ಕುದಿಯೋ ನೀರಿನಲ್ಲಿ ಹತ್ತು ನಿಮಿಷ ಹಾಕಿದರೆ ಶುದ್ಧ. ಸರಿಯಾಗಿ ಚೀಪೋ ಮಗುವಿಗೆ ಅದು ಬೇಡ, ಎದೆಯೇ ಸಾಕು. ಇನ್ನೊಂದು, ನಿನ್ನ ಗಂಡನಿಗೂ ಮುಂದೆ ಬಟನ್ ಇರೋ ಹತ್ತಿ ಅಂಗಿ ಎರಡು ಇಡು. ಪುಟ್ಟ ಮಕ್ಕಳನ್ನ ಕಾಂಗರೂ ಥರ ಎದೆಗೆ ಕಟ್ಟಿಕೊಂಡು ಬೆಚ್ಚಗಿಡೋದನ್ನ ಈಗ ಅಪ್ಪಂದಿರಿಂದಲೂ ಮಾಡಿಸ್ತಾರೆ.

— ಅವರು ಒಳಗೆ ಬರಬಹುದಾ? ಹೆರಿಗೆ ಹೊತ್ತಿನಲ್ಲಿ ನನ್ನ ಜೊತೆ ಒಬ್ಬರು ಇರಬಹುದು ಅಂತಾರೆ, ನಿಜಾನಾ?

— ಸರ್ಕಾರಿ ಆಸ್ಪತ್ರೆಯಲ್ಲೂ ಒಬ್ಬರನ್ನ ಜೊತೆಗಿರೋಕೆ ಬಿಡಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ಹೇಳಿದೆ. ಅಲ್ಲಿ ಹೆಂಗಸರಿಗೆ, ಅದರಲ್ಲೂ ಹೆತ್ತು ಅನುಭವ ಇರೋರಿಗೆ ಮೊದಲ ಮಣೆ. ಕೆಲವು ಖಾಸಗಿ ಆಸ್ಪತ್ರೆಯಲ್ಲಿ ಗಂಡನನ್ನ ಬಿಡ್ತಾರೆ. ಈಗಲೇ ಹೋಗಿ ಕೇಳು. ಜೊತೆಗೆ ಕೈ ಹಿಡಿದುಕೊಳ್ಳೋರು ಇದ್ದ ಹೆಂಗಸು ನೋವನ್ನ ಬೇರೆ ಥರವೇ ತಾಳಿಕೊಳ್ತಾಳೆ, ನಾನು ಕಣ್ಣಾರೆ ಕಂಡಿದ್ದು. ನಿಮ್ಮಮ್ಮ ಇರ್ತಾರೆ ಅಂದರೆ ಅವರದ್ದೂ ಒಂದು ಚೀಲ ಬೇಕು. ಚಾಪೆ, ಹೊದಿಕೆ, ಒಂದು ಜೊತೆ ಬಟ್ಟೆ, ತಟ್ಟೆ, ಲೋಟ, ಫ್ಲಾಸ್ಕು, ಅವರ ಸಕ್ಕರೆ ಮಾತ್ರೆ. ಬಾಣಂತಿಯನ್ನ ನೋಡಿಕೊಳ್ಳೋಕೆ ಬಂದ ಅಮ್ಮಂದಿರೇ ಮಾತ್ರೆ ತಪ್ಪಿಸಿಕೊಂಡು ಕಾರಿಡಾರಿನಲ್ಲಿ ಕುಸಿದು ಬೀಳ್ತಾರೆ. ಅವರ ಕಡೆ ಯಾರೂ ತಿರುಗಿ ನೋಡಲ್ಲ.

— ಖರ್ಚಿಗೆ ಎಷ್ಟಿಟ್ಕೋಬೇಕು? ಅಲ್ಲಿ ಅವರಿವರಿಗೆ ಕೊಡಬೇಕಂತಲ್ಲ, ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಅಂತ.

— ಔಷಧಿ, ಆಟೋ, ಊಟದ ಖರ್ಚಿಗೆ ಚಿಲ್ಲರೆ ನೋಟು ಇಟ್ಕೋ. ಆ ಇನ್ನೊಂದಕ್ಕೆ ಒಂದು ಪೈಸೆ ಇಡಬೇಡ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ 2011ರಲ್ಲಿ ಬಂತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ ಎಲ್ಲಾ ಉಚಿತ. ನಾರ್ಮಲ್ ಆದರೆ ಮೂರು ದಿನ, ಸಿಸೇರಿಯನ್ ಆದರೆ ಏಳು ದಿನ ಊಟವೂ ಉಚಿತ. ಮನೆಗೆ ಬಿಡೋಕೆ ನಗು-ಮಗು ವಾಹನ. ಬಡತನ ರೇಖೆಯ ಕೆಳಗಿನೋರಿಗೆ ಜನನಿ ಸುರಕ್ಷಾ ಹಣವೂ ಬ್ಯಾಂಕಿಗೆ ಬರುತ್ತೆ, ಪಾಸ್‌ಬುಕ್ಕು ಇಡು ಅಂದಿದ್ದು ಅದಕ್ಕೆ. ಹೆತ್ತ ಮಗುವನ್ನ ತಾಯಿಗೆ ತೋರಿಸೋಕೆ ದುಡ್ಡು ಕೇಳೋದು ನಮ್ಮ ಕೆಲಸಕ್ಕೇ ಅವಮಾನ. ಯಾರಾದರೂ ಕೇಳಿದರೆ ಹೆಸರು ಬರ್ಕೊಂಡು ದೊಡ್ಡ ಡಾಕ್ಟರಿಗೆ ಹೇಳಬೇಕು, ಇಲ್ಲ 104ಕ್ಕೆ ಫೋನ್ ಮಾಡಬೇಕು. ಬಾಣಂತಿ ಮಾಡೋಕಾಗಲ್ಲ, ಗಂಡ ಮಾಡಬೇಕು.

— ಇಷ್ಟೆಲ್ಲ ಅವರಿಗೆ ನೆನಪಿರುತ್ತಾ? ಬ್ಯಾಗಿನಲ್ಲಿ ಏನಿದೆ ಅಂತ ಪಟ್ಟಿ ಮಾಡಿ ಕಳಿಸಲಾ?

— ಪಟ್ಟಿ ಯಾರೂ ಓದಲ್ಲ. ಅವನು ಯಾವಾಗ ಬರ್ತಾನೆ?

— ಶನಿವಾರ ಬರ್ತಾರೆ.

— ಹಾಗಾದರೆ ಇದೆಲ್ಲ ಹೀಗೇ ಮಂಚದ ಮೇಲೆ ಇರಲಿ, ನೀನು ತುಂಬಬೇಡ. ಶನಿವಾರ ಅವನೇ ತುಂಬಲಿ. ನೀನು ಕುರ್ಚಿಯ ಮೇಲೆ ಕೂತು ಹೇಳು. ಪ್ಯಾಡು ಎಲ್ಲಿದೆ, ಕಾಗದ ಎಲ್ಲಿದೆ, ಬಾಗಿಲಲ್ಲಿ ಕೊಡೋ ಚೀಲ ಯಾವುದು ಅಂತ ಅವನ ಕೈಗೆ ಗೊತ್ತಿರಬೇಕು. ನೋವಿನ ನಡುವೆ 'ನನ್ನ ಒಳಉಡುಪು ಎಡಗಡೆ ಖಾನೆಯಲ್ಲಿದೆ' ಅಂತ ನೀನು ಹೇಳ್ತಾ ಕೂರಬಾರದು. ಗಂಡಸರಿಗೆ ಇದೆಲ್ಲ ಮುಟ್ಟೋಕೆ ಸಂಕೋಚ ಅಂತ ನಿಮ್ಮಮ್ಮ ಹೇಳಿದರೆ ನನ್ನನ್ನ ಕರಿ.

— ಡಿಸ್ಚಾರ್ಜ್ ದಿನಕ್ಕೆ ಏನಾದರೂ ಬೇರೆ ಇಡಬೇಕಾ?

— ಬಟ್ಟೆ ಬಸುರಿಯಾಗಿದ್ದಾಗ ಹಾಕ್ತಿದ್ದ ಅಳತೆಯದೇ ಇಡು, ಹೊಟ್ಟೆ ಅಷ್ಟು ಬೇಗ ಇಳಿಯಲ್ಲ. ಹೊರಡೋಕೆ ಮುಂಚೆ ತಾಯಿ ಕಾರ್ಡ್ ತೆಗೆದು ನೋಡು, ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ, ವಿಟಮಿನ್-ಕೆ ಬರೆದಿದಾರಾ ಅಂತ. ಹೆಪಟೈಟಿಸ್‌ದು ಮೊದಲ 24 ಗಂಟೆಯೊಳಗೇ ಬೀಳಬೇಕು. ಜನನ ನೋಂದಣಿಗೆ ಆಸ್ಪತ್ರೆಯೋರೇ ಕಳಿಸ್ತಾರೆ, ಆದರೆ ನಿಮ್ಮಿಬ್ಬರ ಹೆಸರನ್ನ ಆಧಾರಿನಲ್ಲಿ ಇರೋ ಹಾಗೇ ಬರೆದಿದಾರಾ ಅಂತ ಅವನು ಅಲ್ಲೇ ನಿಂತು ಓದಬೇಕು. ಒಂದು ಅಕ್ಷರ ತಪ್ಪಿದರೆ ಆಮೇಲೆ ಕಚೇರಿಯಿಂದ ಕಚೇರಿಗೆ ಅಲೀಬೇಕಾಗುತ್ತೆ. ನೋಂದಣಿಗೆ 21 ದಿನ ಗಡುವು.

— ಮಗುವಿಗೆ ಹೆಸರೇ ಇಟ್ಟಿರೋದಿಲ್ಲವಲ್ಲ ಅಷ್ಟು ಹೊತ್ತಿಗೆ?

— ಹೆಸರು ಇಲ್ಲದೆಯೂ ನೋಂದಣಿ ಆಗುತ್ತೆ. ವರ್ಷದೊಳಗೆ ಹೋಗಿ ಸೇರಿಸಿದರೆ ದುಡ್ಡೂ ಇಲ್ಲ. ಅಮ್ಮನನ್ನ ಕರಿ ಈಗ, ಆ ಹಳೇ ಸೀರೆ ಯಾವುದು ಕೊಡ್ತಾರೆ ಕೇಳೋಣ. ಇನ್ನೂ ಬಿಸಿಲಿದೆ, ಒಗೆದು ಹಾಕಬಹುದು.